ಆಸ್ಪತ್ರೆಯಲ್ಲಿ ಅಂಟುವ ಸೋಂಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ಸರ್ಕಾರಿ ಆಸ್ಪತ್ರೆ, ನರ್ಸಿಂಗ್ ಹೋಂ, ಕ್ಲಿನಿಕ್‌ಗಳಲ್ಲಿ ರೋಗಿಗಳ ಕಡೆಯವರು, ಸ್ಟಾಫ್ ನರ್ಸ್‌ಗಳು, ಡಿ ಗ್ರೂಪ್ ಸಿಬ್ಬಂದಿ, ಸಣ್ಣ ಆಸ್ಪತ್ರೆ ನಡೆಸುವ ವೈದ್ಯರು ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಮೊದಲು ಮನೆಯವರಿಗೆ ಬೇಕಾದದ್ದು, ಆಮೇಲೆ ವಾರ್ಡಿನ ಕೆಲಸ, ಕೊನೆಗೆ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಉಪಕರಣ ಶುದ್ಧ ಮಾಡುವ ಯಂತ್ರ), ಒಟಿ (ಆಪರೇಷನ್ ಥಿಯೇಟರ್), ಡಯಾಲಿಸಿಸ್. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇವೆ.

## ರೋಗಿಗೆ, ಮನೆಯವರಿಗೆ

ವಾಸಿಯಾಗ್ಲಿ ಅಂತ ಸೇರಿಸಿದ್ರೆ ಅಲ್ಲೇ ಇನ್ನೊಂದು ಕಾಯಿಲೆ ಅಂಟ್ಕೊಳ್ತು ಅಂತಾರಲ್ಲ, ನಿಜಾನಾ?

ನಿಜ. ದಾಖಲಾಗುವಾಗ ಇಲ್ಲದ ಸೋಂಕು 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡರೆ ಅದನ್ನು ಆಸ್ಪತ್ರೆಯ ಸೋಂಕು ಎಂದೇ ಲೆಕ್ಕ ಹಾಕುತ್ತಾರೆ. ಹೆಚ್ಚಾಗಿ ಬರುವುದು ನಾಲ್ಕು: ಮೂತ್ರದ ಪೈಪಿನಿಂದ, ರಕ್ತನಾಳದ ಪೈಪಿನಿಂದ, ವೆಂಟಿಲೇಟರ್‌ನಿಂದ ಮತ್ತು ಆಪರೇಷನ್ ಗಾಯದಲ್ಲಿ. ನಾಲ್ಕರಲ್ಲೂ ನಡೆಯುವುದು ಒಂದೇ. ಚರ್ಮ, ಗಂಟಲು, ಮೂತ್ರನಾಳ ಸಹಜವಾಗಿ ಒಡ್ಡುವ ತಡೆಯನ್ನು ದಾಟಿಕೊಂಡು ಏನೋ ಒಂದು ಒಳಗೆ ಹೋಗಿರುತ್ತದೆ, ಅದರ ಬೆನ್ನು ಹಿಡಿದು ಬ್ಯಾಕ್ಟೀರಿಯಾ ಹೋಗುತ್ತದೆ.

ಆಪರೇಷನ್ ಗಾಯಕ್ಕೆ ಲೆಕ್ಕ ಬೇರೆ. 30 ದಿನದೊಳಗೆ ಕೀವಾದರೆ, ಒಳಗೆ ರಾಡು, ಪ್ಲೇಟು, ಮೆಶ್ ಇಟ್ಟಿದ್ದರೆ 90 ದಿನದೊಳಗೆ ಆದರೂ, ಅದು ಆಪರೇಷನ್ನಿನ ಸೋಂಕೇ. ಮನೆಗೆ ಹೋದ ಇಪ್ಪತ್ತನೇ ದಿನ ಹೊಲಿಗೆ ಒದ್ದೆಯಾದರೆ ಊರಿನ ಕ್ಲಿನಿಕ್‌ನಲ್ಲಿ ಡ್ರೆಸ್ಸಿಂಗ್ ಮಾಡಿಸಿ ಸುಮ್ಮನಾಗಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಗೂ ತಿಳಿಸಿ. ನೀವು ಹೇಳದಿದ್ದರೆ ಅವರ ಲೆಕ್ಕದಲ್ಲಿ ಆ ತಿಂಗಳು ಸೋಂಕೇ ಆಗಿಲ್ಲ.

ಇದೆಲ್ಲ ಗಾಳಿಯಲ್ಲಿ ಬರುತ್ತಾ, ಮಂಚ ಹಾಸಿಗೆಯಿಂದ ಬರುತ್ತಾ?

ಟಿಬಿ, ದಡಾರ, ಸಿಡುಬಿನಂಥ ಗುಳ್ಳೆಯ ಚಿಕನ್‌ಪಾಕ್ಸ್ ಗಾಳಿಯಲ್ಲಿ ಬರುತ್ತವೆ. ಮಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ಕೈಯಿಂದ. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣಗಿದ ಕಬ್ಬಿಣದ ಮೇಲೂ ವಾರಗಟ್ಟಲೆ ಬದುಕಿರುತ್ತದೆ. ಮಂಚದ ಅಡ್ಡಪಟ್ಟಿ, ಸಲೈನ್ ಸ್ಟ್ಯಾಂಡ್, ಬಿಪಿ ಪಟ್ಟಿ, ಎಲ್ಲರ ಜೇಬಿನ ಮೊಬೈಲ್ ಅದರ ಮನೆ. ಆದರೆ ಮಂಚದಿಂದ ಅದು ತಾನಾಗಿ ನೆಗೆದು ಬರುವುದಿಲ್ಲ. ಮಂಚ ಮುಟ್ಟಿದ ಕೈ ಕ್ಯಾನುಲಾದ (ರಕ್ತನಾಳಕ್ಕೆ ಹಾಕಿದ ಸಣ್ಣ ಪೈಪಿನ) ಮುಚ್ಚಳ ಮುಟ್ಟಿದಾಗ ಒಳಗೆ ಹೋಗುತ್ತದೆ.

ನೋಡೋಕೆ ಬರೋರನ್ನ ಬೇಡ ಅನ್ನೋಕಾಗಲ್ಲ. ಎಷ್ಟು ಜನ ಬಂದ್ರೆ ಪರವಾಗಿಲ್ಲ?

ಊರಿಂದ ಒಂದು ಟೆಂಪೊ ಜನ ಬಂದು ಹೊರಗೆ ಮರದಡಿ ಕೂತಿದ್ದರೆ ಯಾರಿಗೂ ತೊಂದರೆಯಿಲ್ಲ. ಮಂಚದ ಹತ್ತಿರ ಒಂದು ಸಲಕ್ಕೆ ಒಬ್ಬರು. ಜ್ವರ, ಕೆಮ್ಮು, ಭೇದಿ, ಮೈಮೇಲೆ ಗುಳ್ಳೆ ಇರುವವರು ಮತ್ತು ಚಿಕ್ಕ ಮಕ್ಕಳು ಒಳಗೆ ಬೇಡ. ಮಂಚದ ಮೇಲೆ ಕೂರಬಾರದು. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಕೈ ತೊಳೆಯಬೇಕು.

ಮನೆಯವರು ಗಮನಿಸದ ಒಂದು ದಾರಿಯಿದೆ. ಪಕ್ಕದ ಮಂಚದವರ ಕಡೆಯವರು ಊಟಕ್ಕೆ ಹೋದಾಗ ಅವರ ರೋಗಿಯನ್ನು ಎಬ್ಬಿಸಿ ಕೂರಿಸುವುದು, ಯೂರಿನ್ ಬ್ಯಾಗ್ ಖಾಲಿ ಮಾಡುವುದು ನಮ್ಮ ಕಡೆ ಮಾಮೂಲು. ಒಳ್ಳೆಯ ಗುಣವೇ, ಬಿಡಬೇಡಿ. ಆದರೆ ಅಲ್ಲಿಂದ ನಿಮ್ಮ ರೋಗಿಯ ಹತ್ತಿರ ವಾಪಸ್ ಬರುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಒಂದು ಮಂಚದ ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಹೋಗುವುದು ನರ್ಸ್ ಕೈಯಿಂದ ಮಾತ್ರ ಅಲ್ಲ.

ಮಗು ಹುಟ್ಟಿದೆ, ಎಲ್ರೂ ಎತ್ಕೋಬೇಕು ಅಂತಾರೆ. ಹೊಕ್ಕಳಿಗೆ ಏನ್ ಹಚ್ಬೇಕು?

ಹೊಕ್ಕಳಿಗೆ ಏನೂ ಹಚ್ಚಬೇಡಿ. ಅರಿಶಿನ, ಬೂದಿ, ಹರಳೆಣ್ಣೆ, ಪೌಡರ್ ಯಾವುದೂ ಬೇಡ. ಒಣಗಲು ಬಿಟ್ಟರೆ ತಾನಾಗಿ ಉದುರುತ್ತದೆ. ಸುತ್ತ ಕೆಂಪಾಗಿ, ವಾಸನೆ ಬಂದು ಕೀವು ಜಿನುಗಿದರೆ ಅದೇ ದಿನ ತೋರಿಸಿ. ಕಣ್ಣಿಗೆ ಕಾಡಿಗೆ, ಬಾಯಿಗೆ ಜೇನುತುಪ್ಪ, ಸಕ್ಕರೆ ನೀರು ಬೇಡ. ಹಾಲು ಹಿಂಡಿ ಕುಡಿಸಬೇಕಾಗಿ ಬಂದರೆ ಬಾಟಲಿ ಬದಲು ಕುದಿಸಿ ತೊಳೆದ ಚಮಚ, ಬಟ್ಟಲು ಅಥವಾ ಒಳಲೆ.

ಎತ್ತಿಕೊಳ್ಳುವವರು ಬಳೆ, ಉಂಗುರ, ವಾಚು ತೆಗೆದು ಮೊಣಕೈವರೆಗೆ ಸೋಪು ಹಾಕಿ ತೊಳೆದಿರಬೇಕು. ತೂಕ ಕಡಿಮೆ ಇರುವ ಮಗುವನ್ನು ತಾಯಿ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡರೆ ಸೋಂಕು ಬರುತ್ತದೆ ಎಂದು ಅಜ್ಜಿಯರು ಹೆದರುತ್ತಾರೆ. ವಾಸ್ತವದಲ್ಲಿ ಅದರಿಂದ ಸೋಂಕು ಕಡಿಮೆಯಾಗುತ್ತದೆ.

ಡೆಂಗಿ ಪೇಷೆಂಟ್ ಪಕ್ಕದ ಬೆಡ್ಡಲ್ಲಿದಾರೆ. ನಮಗೂ ಬರುತ್ತಾ?

ಮುಟ್ಟಿದರೆ, ಜೊತೆಗೆ ಕೂತರೆ ಬರುವುದಿಲ್ಲ. ಅವರನ್ನು ಕಚ್ಚಿದ ಈಡಿಸ್ ಸೊಳ್ಳೆ ಕೆಲ ದಿನಗಳ ನಂತರ ನಿಮ್ಮನ್ನು ಕಚ್ಚಿದರೆ ಬರುತ್ತದೆ. ಆ ಸೊಳ್ಳೆ ಹಗಲಲ್ಲಿ ಕಚ್ಚುವುದರಿಂದ ಜ್ವರ ಇರುವಷ್ಟು ದಿನ ರೋಗಿಗೆ ಹಗಲೂ ಪರದೆ ಕಟ್ಟಬೇಕು.

ಡಾಕ್ಟ್ರಿಗೆ ‘ಕೈ ತೊಳ್ಕೊಳಿ’ ಅಂತ ಹೇಳ್ಬಹುದಾ? ಬೇಜಾರು ಮಾಡ್ಕೊಂಡ್ರೆ?

ಹೇಳಬಹುದು. ‘ಸಾರ್, ಕೈಗೆ ಸ್ಯಾನಿಟೈಸರ್ ಹಾಕ್ಕೊಂಡ್ರಾ?’ ಎಂದು ಕೇಳಿದರೆ ಸಾಕು. ಇದರ ಜೊತೆ ದಿನಕ್ಕೊಮ್ಮೆ ರೌಂಡ್ಸ್‌ನಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ‘ಈ ಪೈಪು ಇವತ್ತೂ ಬೇಕಾ?’ ಅನೇಕ ಯೂರಿನ್ ಪೈಪು, ಕ್ಯಾನುಲಾಗಳು ಅಗತ್ಯ ಮುಗಿದ ಮೇಲೂ ಯಾರಿಗೂ ನೆನಪಾಗದೆ ಉಳಿದಿರುತ್ತವೆ. ನಮ್ಮ ಅಂದಾಜಿನಲ್ಲಿ ಮನೆಯವರು ಕೇಳಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಉಪಯೋಗದ್ದು ಇಲ್ಲ.

## ವಾರ್ಡಿನ ಕೆಲಸ

ಗ್ಲೌಸ್ ಹಾಕಿದ್ಮೇಲೆ ಕೈ ಯಾಕೆ ತೊಳೀಬೇಕು?

ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಬಿಚ್ಚುವಾಗ ಹೊರಗಿನದು ಕೈಗೆ ಹತ್ತುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಗ್ಲೌಸ್ ಹಾಕಿದವರಿಗೆ ತಮ್ಮ ಕೈ ಶುದ್ಧ ಎನ್ನಿಸಿಬಿಡುತ್ತದೆ. ಅದೇ ಗ್ಲೌಸಿನಲ್ಲಿ ಮೂರು ಮಂಚ, ಕೇಸ್ ಶೀಟು, ಪೆನ್ನು, ಬಾಗಿಲ ಹಿಡಿ ಎಲ್ಲ ಮುಟ್ಟುತ್ತಾರೆ. ಗ್ಲೌಸ್ ಕಾಪಾಡುವುದು ಹಾಕಿದವರನ್ನು, ಮುಂದಿನ ರೋಗಿಯನ್ನಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭ: ರೋಗಿಯನ್ನು ಮುಟ್ಟುವ ಮುಂಚೆ, ಇಂಜೆಕ್ಷನ್, ಡ್ರೆಸ್ಸಿಂಗ್‌ನಂಥ ಶುದ್ಧ ಕೆಲಸಕ್ಕೆ ಮುಂಚೆ, ರಕ್ತ, ಮೂತ್ರ, ಕೀವು ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಮಂಚ, ಸ್ಟ್ಯಾಂಡ್ ಮುಟ್ಟಿದ ಮೇಲೆ. ತಪ್ಪಿಹೋಗುವುದು ಹೆಚ್ಚಾಗಿ ಮೊದಲನೆಯದು ಮತ್ತು ಕೊನೆಯದು.

ಸ್ಯಾನಿಟೈಸರ್ ಆದರೆ ಅಂಗೈ ತುಂಬ ತೆಗೆದುಕೊಂಡು 20ರಿಂದ 30 ಸೆಕೆಂಡ್, ಕೈ ಒಣಗುವವರೆಗೆ ಉಜ್ಜಬೇಕು. ಸೋಪು, ನೀರಾದರೆ ಒಟ್ಟು 40ರಿಂದ 60 ಸೆಕೆಂಡ್. ಎಲ್ಲರೂ ಅಂಗೈ ಉಜ್ಜುತ್ತಾರೆ. ಬಿಟ್ಟುಹೋಗುವುದು ಹೆಬ್ಬೆರಳು ಮತ್ತು ಬೆರಳ ತುದಿ, ಅಂದರೆ ನಾಡಿ ಹಿಡಿಯುವ, ಸೂಜಿ ಹಿಡಿಯುವ ಜಾಗವೇ. ಕೈಗೆ ಕಣ್ಣಿಗೆ ಕಾಣುವ ಕೊಳೆ ಇದ್ದಾಗ ಮತ್ತು ಭೇದಿ ರೋಗಿಯ ಆರೈಕೆ ಮಾಡಿದಾಗ ಸೋಪು, ನೀರೇ ಆಗಬೇಕು. ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಬ್ಯಾಕ್ಟೀರಿಯಾದ ಬೀಜಾಣು (ಗಟ್ಟಿ ಕವಚದೊಳಗೆ ನಿದ್ದೆಯಲ್ಲಿರುವ ರೂಪ) ಆಲ್ಕೊಹಾಲಿಗೆ ಸಾಯುವುದಿಲ್ಲ.

ಸ್ಯಾನಿಟೈಸರ್ ಸ್ಟಾಕ್ ಬರೋದು ತಡ ಆಗುತ್ತೆ. ನಾವೇ ಮಾಡ್ಕೋಬಹುದಾ?

ಫಾರ್ಮಸಿಸ್ಟ್ ಇದ್ದರೆ ಮಾಡಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ 10 ಲೀಟರಿಗೆ: ಶೇ 99.8ರ ಐಸೊಪ್ರೊಪೈಲ್ ಆಲ್ಕೊಹಾಲ್ 7,515 ಮಿಲಿ, ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿ, ಶೇ 98ರ ಗ್ಲಿಸರಾಲ್ 145 ಮಿಲಿ, ಉಳಿದದ್ದು ಕುದಿಸಿ ಆರಿಸಿದ ನೀರು. ಎಥನಾಲ್ ಬಳಸುವುದಾದರೆ ಶೇ 96ರದ್ದು 8,333 ಮಿಲಿ, ಮಿಕ್ಕಿದ್ದು ಅಷ್ಟೇ. ಎಥನಾಲ್ ಖರೀದಿ ಅಬಕಾರಿ ಇಲಾಖೆಯ ನಿಯಂತ್ರಣದಲ್ಲಿರುವುದರಿಂದ ಸಣ್ಣ ಆಸ್ಪತ್ರೆಗೆ ಐಸೊಪ್ರೊಪೈಲ್ ಸುಲಭ.

ತಯಾರಿಸಿದ ಮೇಲೆ ಬಾಟಲಿಗೆ ತುಂಬಿ 72 ಗಂಟೆ ಮುಟ್ಟದೆ ಇಡಬೇಕು. ಪೆರಾಕ್ಸೈಡ್ ಇರುವುದು ಕೈಯ ಬ್ಯಾಕ್ಟೀರಿಯಾ ಕೊಲ್ಲಲು ಅಲ್ಲ. ಆಲ್ಕೊಹಾಲಿನಲ್ಲೋ ಬಾಟಲಿಯಲ್ಲೋ ಉಳಿದ ಬೀಜಾಣುಗಳನ್ನು ಕೊಲ್ಲಲು, ಅದಕ್ಕೆ ಅಷ್ಟು ಸಮಯ ಬೇಕು. ಗ್ಲಿಸರಾಲ್ ಹೆಚ್ಚಾದರೆ ಕೈ ಅಂಟಂಟಾಗಿ ಯಾರೂ ಬಳಸುವುದಿಲ್ಲ. ಅರ್ಧ ಖಾಲಿಯಾದ ಬಾಟಲಿಯ ಮೇಲೇ ಹೊಸದು ಸುರಿಯಬಾರದು, ತೊಳೆದು ಒಣಗಿಸಿ ತುಂಬಬೇಕು. ಒಲೆ, ಸ್ಟೆರಿಲೈಸರ್ ಇರುವ ಕೋಣೆಯಲ್ಲಿ ಈ ಕೆಲಸ ಬೇಡ.

ಬ್ಲೀಚಿಂಗ್ ಪೌಡರ್ ಎಷ್ಟು ಹಾಕ್ಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಒಬ್ಬೊಬ್ಬರು ಒಂದೊಂದು ಹೇಳಲು ಕಾರಣ, ಪೌಡರಿನಲ್ಲಿ ಎಷ್ಟು ಕ್ಲೋರಿನ್ ಇದೆ ಎಂದು ಯಾರೂ ಕೇಳುವುದಿಲ್ಲ. ಹೊಸ ಪೌಡರಿನಲ್ಲಿ ಸುಮಾರು ಶೇ 30 ಇರುತ್ತದೆ. ಆ ಲೆಕ್ಕದಲ್ಲಿ ಒಂದು ಲೀಟರ್ ನೀರಿಗೆ 33 ಗ್ರಾಂ ಹಾಕಿದರೆ ಶೇ 1ರ ದ್ರಾವಣ, 17 ಗ್ರಾಂ ಹಾಕಿದರೆ ಶೇ 0.5, 3.3 ಗ್ರಾಂ ಹಾಕಿದರೆ ಶೇ 0.1. ದ್ರವ ಹೈಪೊಕ್ಲೋರೈಟ್ ಬಳಸುವವರು ಕ್ಯಾನಿನ ಲೇಬಲ್ ನೋಡಿ. ಶೇ 5ರದ್ದಾದರೆ ಒಂದು ಮಗ್‌ಗೆ ನಾಲ್ಕು ಮಗ್ ನೀರು, ಶೇ 10ರದ್ದಾದರೆ ಒಂದಕ್ಕೆ ಒಂಬತ್ತು. ಎರಡರಲ್ಲೂ ಸಿಗುವುದು ಶೇ 1.

ರಕ್ತ, ಕೀವು ಚೆಲ್ಲಿದ ಜಾಗಕ್ಕೆ ಶೇ 1. ಐಸಿಯು, ಐಸೊಲೇಷನ್ ಕೋಣೆಯಲ್ಲಿ ಕೈ ತಾಗುವ ಜಾಗಗಳಿಗೆ ಡಿಟರ್ಜೆಂಟ್‌ನಲ್ಲಿ ಒರೆಸಿದ ಮೇಲೆ ಶೇ 0.1ರಿಂದ 0.5. ಸಾಮಾನ್ಯ ವಾರ್ಡಿನ ನೆಲಕ್ಕೆ ಡಿಟರ್ಜೆಂಟ್, ನೀರು ಸಾಕು.

ಪೌಡರನ್ನು ತೂಗಿ ಹಾಕಿ. ‘ಎರಡು ಚಮಚ’ ಎಂದರೆ ಯಾರ ಚಮಚ? ಮೊದಲು ಸ್ವಲ್ಪ ನೀರಿನಲ್ಲಿ ಪೇಸ್ಟ್ ಮಾಡಿ, ಆಮೇಲೆ ಪೂರ್ತಿ ನೀರು ಸೇರಿಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿ ಬಳಸಿ. ಪ್ಲಾಸ್ಟಿಕ್ ಬಕೆಟ್, ಮುಚ್ಚಳ ಇರಬೇಕು. ಬೆಳಿಗ್ಗೆ ಮಾಡಿದ್ದನ್ನು ಮರುದಿನಕ್ಕೆ ಇಡಬೇಡಿ.

ಕೆಡುವುದು ಎಲ್ಲಿ? ಬಾಯಿ ತೆರೆದ ಚೀಲದಲ್ಲಿ, ತಗಡಿನ ಶೆಡ್ಡಿನ ಸೆಕೆಯಲ್ಲಿ ಇಟ್ಟ ಪೌಡರ್ ಗಂಟುಗಂಟಾಗಿ ಕ್ಲೋರಿನ್ ಹಾರಿಹೋಗಿರುತ್ತದೆ. ಅಂಥದ್ದನ್ನು 33 ಗ್ರಾಂ ಹಾಕಿದರೂ ಸುಣ್ಣದ ನೀರಷ್ಟೇ. ಎರಡನೆಯದು ಕೊಳೆ. ರಕ್ತ, ಕಫ, ಮಣ್ಣು ಇದ್ದರೆ ಕ್ಲೋರಿನ್ ಅದರ ಮೇಲೇ ಖರ್ಚಾಗುತ್ತದೆ. ಮೂರನೆಯದು ಮಿಶ್ರಣ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ‘ಎರಡೂ ಹಾಕಿದ್ರೆ ಇನ್ನೂ ಸ್ಟ್ರಾಂಗ್’ ಎನ್ನುವ ಹೊಸಬರಿಗೆ ಇದನ್ನು ಮೊದಲ ದಿನವೇ ಹೇಳಿ.

ರಕ್ತ ಚೆಲ್ಲಿದ ತಕ್ಷಣ ಬ್ಲೀಚ್ ಸುರಿಯೋದು ಸರೀನಾ?

ಸುರಿದರೆ ಹರಡುತ್ತದೆ, ಸಿಡಿಯುತ್ತದೆ. ದಪ್ಪ ಗ್ಲೌಸ್ ಹಾಕಿ, ಗಾಜಿದ್ದರೆ ಇಕ್ಕಳದಲ್ಲಿ ಎತ್ತಿ. ರಕ್ತದ ಮೇಲೆ ಹಳೆ ಬಟ್ಟೆ ಅಥವಾ ಪೇಪರ್ ಮುಚ್ಚಿ. ಶೇ 1ರ ದ್ರಾವಣವನ್ನು ಅಂಚಿನಿಂದ ನಡುವಿಗೆ ಹಾಕಿ ಕನಿಷ್ಠ 10 ನಿಮಿಷ ಬಿಡಿ. ಬಟ್ಟೆ, ರಕ್ತ ಒಟ್ಟಿಗೆ ಹಳದಿ ಚೀಲಕ್ಕೆ. ಜಾಗವನ್ನು ಅದೇ ದ್ರಾವಣದಲ್ಲಿ ಇನ್ನೊಮ್ಮೆ ಒರೆಸಿ, ಆಮೇಲೆ ಮಾಮೂಲಿ ಮಾಪ್. ಚೆಲ್ಲಿದ್ದು ಮೂತ್ರವಾದರೆ ಮೊದಲು ಬಟ್ಟೆಯಲ್ಲಿ ಹೀರಿ ತೆಗೆದು, ಆಮೇಲೆ ಕ್ಲೋರಿನ್. ಮೂತ್ರದ ಅಮೋನಿಯ ಜೊತೆ ಸೇರಿದರೆ ಕಣ್ಣು, ಗಂಟಲು ಉರಿಯುತ್ತದೆ.

ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ಒರೆಸ್ತೀವಿ, ಗಮ್ ಅನ್ನುತ್ತೆ. ಇನ್ನೇನು ಬೇಕು?

ವಾಸನೆಗೂ ಶುದ್ಧಿಗೂ ಸಂಬಂಧ ಇಲ್ಲ. ಮೂಗಿಗೆ ಸಮಾಧಾನ, ಅಷ್ಟೆ. ನೋಡಬೇಕಾದ್ದು ಬಕೆಟಿನ ನೀರು. ಟಾಯ್ಲೆಟ್ಟಿನಿಂದ ಶುರು ಮಾಡಿ ಅದೇ ಕಪ್ಪು ನೀರಿನಲ್ಲಿ ಲೇಬರ್ ವಾರ್ಡಿಗೆ ಬಂದರೆ ಕೊಳೆಯನ್ನು ತೆಗೆಯುತ್ತಿಲ್ಲ, ಊರೆಲ್ಲ ಮೆರವಣಿಗೆ ಮಾಡಿಸುತ್ತಿದ್ದೀರಿ. ಒಂದು ಬಕೆಟಿನಲ್ಲಿ ಡಿಟರ್ಜೆಂಟ್, ಒಂದರಲ್ಲಿ ಬರೀ ನೀರು, ಒಂದರಲ್ಲಿ ಡಿಸ್‌ಇನ್ಫೆಕ್ಟೆಂಟ್. ಶುದ್ಧ ಜಾಗದಿಂದ ಕೊಳೆ ಜಾಗದ ಕಡೆಗೆ, ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಬಾಗಿಲ ಕಡೆಗೆ. ನೀರು ಬಣ್ಣ ತಿರುಗಿದ ಕೂಡಲೇ ಬದಲಾಯಿಸಿ. ಟಾಯ್ಲೆಟ್ಟಿನ ಮಾಪ್ ಬೇರೆ. ಕೆಲಸ ಮುಗಿದ ಮೇಲೆ ಮಾಪ್ ತೊಳೆದು ಬಿಸಿಲಿಗೆ ತಲೆ ಮೇಲಾಗಿ ನಿಲ್ಲಿಸಿ. ಒದ್ದೆ ಮಾಪ್ ರಾತ್ರಿಯೆಲ್ಲ ಬಕೆಟಿನಲ್ಲಿ ಬಿದ್ದಿದ್ದರೆ ಬೆಳಿಗ್ಗೆಗೆ ಬ್ಯಾಕ್ಟೀರಿಯಾದ ತೋಟ. ವಾರ್ಡಿನೊಳಗೆ ಕಸಪೊರಕೆ ಬೇಡ, ದೂಳೆದ್ದು ಗಾಯದ ಮೇಲೆ ಕೂರುತ್ತದೆ.

ನೆಲವನ್ನು ಯಾವ ರೋಗಿಯೂ ಕೈಯಲ್ಲಿ ಮುಟ್ಟುವುದಿಲ್ಲ. ಮಂಚದ ಪಟ್ಟಿ, ಲಾಕರ್, ಸ್ವಿಚ್ಚು, ನಲ್ಲಿ, ಬಾಗಿಲ ಹಿಡಿ, ಮಾನಿಟರಿನ ಗುಂಡಿ ಎಲ್ಲರೂ ಮುಟ್ಟುತ್ತಾರೆ. ಮೂರು ಸಲ ನೆಲ ಒರೆಸುವ ಬದಲು ಎರಡು ಸಲ ನೆಲ, ಆ ಉಳಿದ ಸಮಯದಲ್ಲಿ ಇವುಗಳನ್ನು ಒರೆಸಿದರೆ ಅದೇ ಸಿಬ್ಬಂದಿಯಿಂದ ಹೆಚ್ಚು ಲಾಭ.

ಕಸದ ಬಣ್ಣ ಪ್ರತಿ ಸಲ ಗೊಂದಲ. ಗ್ಲೌಸ್ ಯಾವುದಕ್ಕೆ?

ಕೆಂಪಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆಗೆ ಕಳಿಸಬಹುದಾದ ಪ್ಲಾಸ್ಟಿಕ್, ರಬ್ಬರ್ ಕೆಂಪು, ಸುಡಬೇಕಾದ್ದು ಹಳದಿ, ಚುಚ್ಚುವ, ಕೊಯ್ಯುವ ಲೋಹ ಬಿಳಿ ಡಬ್ಬಿ, ಗಾಜು ನೀಲಿ. ಒಬ್ಬ ರೋಗಿಗೆ ಇಂಜೆಕ್ಷನ್ ಕೊಟ್ಟು ಮುಗಿಸಿದಿರಿ ಎನ್ನಿ. ಸೂಜಿ ಬಿಳಿಗೆ, ಸಿರಿಂಜ್ ಕೆಂಪಿಗೆ, ರಕ್ತದ ಹತ್ತಿ ಹಳದಿಗೆ, ಖಾಲಿ ಗಾಜಿನ ವಯಲ್ ನೀಲಿಗೆ, ಸಿರಿಂಜಿನ ಹೊರಕವರ್ ಮಾಮೂಲಿ ಕಸಕ್ಕೆ. ಮಾಸು ಹಳದಿಗೆ. ಮುಕ್ಕಾಲು ತುಂಬಿದರೆ ಕಟ್ಟಿಬಿಡಿ, 48 ಗಂಟೆ ಮೀರಿ ಆಸ್ಪತ್ರೆಯಲ್ಲಿ ಇಡುವಂತಿಲ್ಲ. ಊಟದ ಎಲೆ, ಬಾಳೆಹಣ್ಣಿನ ಸಿಪ್ಪೆ ಹಳದಿ ಚೀಲಕ್ಕೆ ಬಿದ್ದರೆ ತೂಕಕ್ಕೆ ದುಡ್ಡು ಕೊಟ್ಟು ಸುಡಿಸುತ್ತಿದ್ದೀರಿ ಎಂದರ್ಥ.

ಸೂಜಿ ಚುಚ್ಕೊಂಡೆ. ಈಗ ಏನ್ ಮಾಡ್ಲಿ?

ಹಿಂಡಬೇಡಿ, ಬಾಯಿಗೆ ಇಡಬೇಡಿ, ಸ್ಪಿರಿಟ್, ಬ್ಲೀಚ್ ಹಾಕಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಸಿಡಿದಿದ್ದರೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳಿ, ಯಾವ ರೋಗಿ, ಯಾವ ಸೂಜಿ, ಎಷ್ಟು ಹೊತ್ತಿಗೆ ಎಂದು ಬರೆಸಿ.

ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3. ತಡೆ ಔಷಧಿಯ ಮೊದಲ ಡೋಸ್ ಎರಡು ಗಂಟೆಯೊಳಗೆ ಆದರೆ ಒಳ್ಳೆಯದು; 72 ಗಂಟೆ ದಾಟಿದ ಮೇಲೆ ಶುರು ಮಾಡುವುದಿಲ್ಲ. ಶುರುವಾದರೆ 28 ದಿನ ತಪ್ಪದೆ ನುಂಗಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಶ್ರೀನಿವಾಸಪುರದ ಕಡೆಯ ಸಣ್ಣ ನರ್ಸಿಂಗ್ ಹೋಂನಲ್ಲಿದ್ದರೆ ‘ನಾಳೆ ಕೋಲಾರಕ್ಕೆ ಹೋದಾಗ ನೋಡೋಣ’ ಎನ್ನಬೇಡಿ, ಆಗಲೇ ಹೊರಡಿ.

ಎಚ್‌ಐವಿಗಿಂತ ಹೆಚ್ಚು ಹೆದರಬೇಕಾದ್ದು ಹೆಪಟೈಟಿಸ್ ಬಿಗೆ. ಲಸಿಕೆ ಇಲ್ಲದವರಿಗೆ ಅಪಾಯ ಶೇ 30ರವರೆಗೆ ಹೋಗಬಹುದು. ಲಸಿಕೆ 0, 1, 6 ತಿಂಗಳಿಗೆ ಮೂರು ಡೋಸ್; ಮುಗಿದ ಒಂದೆರಡು ತಿಂಗಳಿಗೆ ಪ್ರತಿಕಾಯ ಪರೀಕ್ಷೆ ಮಾಡಿಸಿ 10ಕ್ಕಿಂತ ಹೆಚ್ಚು ಬಂದಿದೆಯೇ ನೋಡಿ. ಕಸ ಎತ್ತುವ ಗುತ್ತಿಗೆ ಸಿಬ್ಬಂದಿಯೇ ಈ ಪಟ್ಟಿಯಿಂದ ಬಿಟ್ಟುಹೋಗುವುದು, ಸೂಜಿ ಅವರಿಗೂ ಅಷ್ಟೇ ಚುಚ್ಚುತ್ತದೆ. ಸೂಜಿಗೆ ಮುಚ್ಚಳ ವಾಪಸ್ ಹಾಕುವ ಅಭ್ಯಾಸ ಬಿಟ್ಟರೆ ಅನೇಕ ಗಾಯಗಳು ತಪ್ಪುತ್ತವೆ.

ಯೂರಿನ್ ಪೈಪ್ ಹಾಕಿದ್ಮೇಲೆ ಸೋಂಕು ಆಗೇ ಆಗುತ್ತೆ ಅಂತಾರೆ. ತಪ್ಪಿಸೋಕಾಗಲ್ವಾ?

ಪೈಪು ಇರುವ ಪ್ರತಿ ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇ 3ರಿಂದ 7 ಏರುತ್ತದೆ. ಹಾಗಾಗಿ ಮೊದಲ ಮದ್ದು ಬೇಗ ತೆಗೆಯುವುದು. ಇರುವಷ್ಟು ದಿನ ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ಸ್ಟ್ರೆಚರಿನಲ್ಲಿ ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಬ್ಯಾಗನ್ನು ರೋಗಿಯ ಹೊಟ್ಟೆ ಮೇಲೆ ಇಡುವುದು ಎಲ್ಲ ಕಡೆ ಕಾಣುತ್ತದೆ. ಆ ಐದು ನಿಮಿಷದಲ್ಲಿ ಬ್ಯಾಗಿನ ಹಳೆ ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಪೈಪಿನ ಕೀಲು ಬಿಚ್ಚಬಾರದು. ಖಾಲಿ ಮಾಡುವ ಜಗ್ ಒಬ್ಬೊಬ್ಬರಿಗೆ ಒಂದು. ವಾರ್ಡಿಗೆಲ್ಲ ಒಂದೇ ಜಗ್ ಆದರೆ ಎಲ್ಲರ ಮೂತ್ರದಲ್ಲೂ ಒಂದೇ ಬ್ಯಾಕ್ಟೀರಿಯಾ.

100 ಮಿಲಿ ಸಲೈನ್ ಬಾಟಲಿಗೆ ಸೂಜಿ ಚುಚ್ಚಿಟ್ಟು ಎಲ್ಲರ ಇಂಜೆಕ್ಷನ್‌ಗೂ ಅದರಿಂದ್ಲೇ ತಗೋತೀವಿ. ತಪ್ಪಾ?

ತಪ್ಪು, ಇವತ್ತೇ ನಿಲ್ಲಿಸಿ. ಸಲೈನ್‌ನಲ್ಲಿ ಸಂರಕ್ಷಕ ಇಲ್ಲ. ಚುಚ್ಚಿಟ್ಟ ಸೂಜಿಯ ಮೂಲಕ ಒಳಹೋದ ಬ್ಯಾಕ್ಟೀರಿಯಾ ಕೋಣೆಯ ಬಿಸಿಗೆ ಬೆಳೆದು, ಸಂಜೆಯ ಡೋಸಿಗೆ ನೇರ ರಕ್ತಕ್ಕೆ ಸೇರುತ್ತದೆ. ಪುಡಿ ಕರಗಿಸಲು 5 ಅಥವಾ 10 ಮಿಲಿಯ ಆಂಪ್ಯೂಲ್, ಒಬ್ಬರಿಗೆ ಒಂದು. ಇನ್ಸುಲಿನ್‌ನಂಥ ಬಹು ಡೋಸ್ ವಯಲ್‌ಗೆ ತೆರೆದ ದಿನಾಂಕ ಬರೆದು 28 ದಿನಕ್ಕೆ ಬಿಸಾಡಿ, ಪ್ರತಿ ಸಲ ಹೊಸ ಸೂಜಿ, ಹೊಸ ಸಿರಿಂಜ್, ರಬ್ಬರಿಗೆ ಸ್ಪಿರಿಟ್. ಕ್ಯಾನುಲಾಗೆ ಕೊಡುವ ಮುಂಚೆ ಅದರ ಬಾಯಿಯನ್ನು ಸ್ಪಿರಿಟ್ ಹತ್ತಿಯಲ್ಲಿ 15 ಸೆಕೆಂಡ್ ಉಜ್ಜಿ, ಒಣಗಲು ಬಿಡಿ.

## ಟಿಬಿ, ಆಟೋಕ್ಲೇವ್, ಒಟಿ, ಡಯಾಲಿಸಿಸ್

ಕೆಜಿಎಫ್ ಕಡೆಯಿಂದ ಕೆಮ್ಮೋ ಪೇಷೆಂಟ್ಸ್ ಜಾಸ್ತಿ. ಚಿಕ್ಕ ಒಪಿಡಿಯಲ್ಲಿ ಟಿಬಿ ಹರಡದ ಹಾಗೆ ಏನ್ ಮಾಡ್ಬಹುದು?

ಗಣಿ 2001ರಲ್ಲೇ ಮುಚ್ಚಿದರೂ ಅಲ್ಲಿ ದುಡಿದವರ ಶ್ವಾಸಕೋಶದಲ್ಲಿ ಕಲ್ಲಿನ ದೂಳು ಹಾಗೇ ಇದೆ. ಈ ದೂಳಿನಿಂದ ಬರುವ ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ಬರುತ್ತದೆ, ಹಾಗಾಗಿ ಅನುಮಾನ ಸರಿಯೇ. ಎರಡು ವಾರ ಮೀರಿದ ಕೆಮ್ಮು ಇದ್ದವರನ್ನು ಸಾಲಿನಲ್ಲಿ ನಿಲ್ಲಿಸದೆ ಮೊದಲು ನೋಡಿ ಕಳಿಸಿ. ರೋಗಿಗೆ ಸರ್ಜಿಕಲ್ ಮಾಸ್ಕ್, ಸಿಬ್ಬಂದಿಗೆ ಎನ್-95; ತಿರುವುಮುರುವು ಮಾಡಬೇಡಿ. ಕಫ ಸಂಗ್ರಹ ಹೊರಗೆ ಬಯಲಲ್ಲಿ, ಟಾಯ್ಲೆಟ್ಟಿನಲ್ಲಿ ಅಲ್ಲ.

ಗಾಳಿಯ ಲೆಕ್ಕ ಹೀಗೆ. ಉದ್ದ 4, ಅಗಲ 3, ಎತ್ತರ 3 ಮೀಟರಿನ ಕೋಣೆ 36 ಘನ ಮೀಟರ್. ಗಂಟೆಗೆ 12 ಸಲ ಗಾಳಿ ಬದಲಾಗಬೇಕಾದರೆ 432 ಘನ ಮೀಟರ್ ಹೊರಗೆ ಹೋಗಬೇಕು. ಎಕ್ಸಾಸ್ಟ್ ಫ್ಯಾನ್ ಕೊಳ್ಳುವಾಗ ಅದರ ವಿವರದಲ್ಲಿ ಈ ಸಂಖ್ಯೆ ನೋಡಿ. 12 ಸಲ ಬದಲಾಗುವ ಕೋಣೆಯಲ್ಲಿ ರೋಗಿ ಎದ್ದು ಹೋದ ಮೇಲೆ ನೂರಕ್ಕೆ 99 ಪಾಲು ಕಣ ಹೊರಹೋಗಲು 23 ನಿಮಿಷ, 6 ಸಲದ ಕೋಣೆಯಲ್ಲಿ 46 ನಿಮಿಷ. ಕುರ್ಚಿ ಇಡುವ ಜಾಗವೂ ಮುಖ್ಯ. ಗಾಳಿ ವೈದ್ಯರ ಬೆನ್ನ ಹಿಂದಿನಿಂದ ಬಂದು ರೋಗಿಯನ್ನು ದಾಟಿ ಕಿಟಕಿಯಿಂದ ಹೊರಹೋಗಬೇಕು. ಕಿಟಕಿ ಮುಚ್ಚಿ ಎಸಿ ಹಾಕಿದರೆ ಅದೇ ಗಾಳಿ ತಣ್ಣಗಾಗಿ ಸುತ್ತುತ್ತದೆ.

ಆಟೋಕ್ಲೇವ್ ಟೇಪ್ ಕಪ್ಪಾಗಿದೆ. ಸ್ಟೆರೈಲ್ ಆಯ್ತು ಅಂತ ತಾನೆ?

ಅಲ್ಲ. ಆ ಪ್ಯಾಕ್ ಬಿಸಿಗೆ ಹೋಗಿ ಬಂದಿದೆ ಎಂದಷ್ಟೇ. ಒಳಗಿನ ನಡುಭಾಗಕ್ಕೆ ಹಬೆ ತಲುಪಿತೇ ಎಂಬುದನ್ನು ಒಳಗಿಡುವ ಕೆಮಿಕಲ್ ಸ್ಟ್ರಿಪ್ ಹೇಳುತ್ತದೆ. ಬೀಜಾಣು ನಿಜವಾಗಿ ಸತ್ತಿತೇ ಎಂಬುದನ್ನು ಬಿಸಿಗೆ ಸುಲಭವಾಗಿ ಸಾಯದ ಜಿಯೊಬ್ಯಾಸಿಲಸ್ ಬೀಜಾಣು ಇರುವ ಬಯಾಲಜಿಕಲ್ ಇಂಡಿಕೇಟರ್ ಹೇಳುತ್ತದೆ. ವಾರಕ್ಕೊಮ್ಮೆಯಾದರೂ ಅದನ್ನು ಇಡಿ, ಒಳಗೆ ರಾಡು, ಪ್ಲೇಟು ಇಡುವ ಆಪರೇಷನ್ನಿನ ಲೋಡಿಗೆ ಪ್ರತಿ ಸಲ.

ನಮ್ಮ ಜಿಲ್ಲೆಗಳಲ್ಲಿ ಕೆಡುವ ಕಾರಣಗಳು ಇವು.

ಎತ್ತರ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸಮುದ್ರ ಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಮೇಲಿವೆ. ‘15 ಪೌಂಡ್ ಬಂದ್ರೆ 121 ಡಿಗ್ರಿ’ ಎಂಬ ಪಾಠ ಸಮುದ್ರ ತೀರದ್ದು. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ ಇರುವುದರಿಂದ ಗೇಜ್ 15 ತೋರಿಸಿದಾಗ ಒಳಗೆ ಸುಮಾರು 119.5 ಡಿಗ್ರಿ. 121 ಬೇಕಾದರೆ ಗೇಜ್ 16.5 ಹತ್ತಿರ ಬರಬೇಕು. ಯಂತ್ರದ ಮಿತಿ ಮತ್ತು ಸೇಫ್ಟಿ ವಾಲ್ವ್ ಅದಕ್ಕೆ ಒಪ್ಪುತ್ತದೆಯೇ ಎಂದು ಕಂಪನಿಯವರನ್ನು ಕೇಳಿ. ಥರ್ಮಾಮೀಟರ್ ಇದ್ದರೆ ಒತ್ತಡ ಬಿಟ್ಟು ಅದನ್ನೇ ನಂಬಿ.

ಗಾಳಿ. ಒಳಗಿನ ಗಾಳಿ ಪೂರ್ತಿ ಹೊರಹೋಗದೆ ಅರ್ಧ ಉಳಿದರೆ ಗೇಜ್ 15 ತೋರಿಸಿದರೂ ಬಿಸಿ 112ರ ಆಸುಪಾಸು ಮಾತ್ರ. ಹಬೆ ತಡೆಯಿಲ್ಲದೆ ಒಂದೇ ಸಮ ಬರುವವರೆಗೆ ವಾಲ್ವ್ ಮುಚ್ಚಬೇಡಿ. ಡ್ರಮ್ಮಿನ ತೂತು ಒಳಗಿಡುವಾಗ ತೆರೆದಿರಬೇಕು, ಹೊರತೆಗೆದ ಕೂಡಲೇ ಮುಚ್ಚಬೇಕು. ಬಟ್ಟೆ ತುರುಕಬೇಡಿ, ಕೈ ಸುಲಭವಾಗಿ ಇಳಿಯುವಷ್ಟು ಸಡಿಲ ಇರಲಿ.

ಕರೆಂಟ್. 121 ಮುಟ್ಟಿದ ಮೇಲೆ ಸುತ್ತಿದ ಪ್ಯಾಕಿಗೆ 30 ನಿಮಿಷ. ಇಪ್ಪತ್ತನೇ ನಿಮಿಷಕ್ಕೆ ಕರೆಂಟ್ ಹೋಗಿ ಬಿಸಿ ಇಳಿದರೆ ಉಳಿದ ಹತ್ತನ್ನು ಸೇರಿಸುವುದಲ್ಲ, ಮೊದಲಿನಿಂದ 30.

ನೀರು. ಸಾವಿರ ಅಡಿ ಬೋರ್‌ವೆಲ್ ನೀರು ಹಾಕಿದರೆ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಬಿಸಿ ಏರಲು ಹೊತ್ತಾಗುತ್ತದೆ, ಕತ್ತರಿಗಳ ಮೇಲೆ ಬಿಳಿ ಕಲೆ ಕೂರುತ್ತದೆ. ಆರ್‌ಒ ಅಥವಾ ಡಿಸ್ಟಿಲ್ಡ್ ನೀರು ಬಳಸಿ.

ಪ್ಯಾಕ್ ಒದ್ದೆಯಾಗಿ ಹೊರಬಂದರೆ ಸ್ಟೆರೈಲ್ ಅಲ್ಲವೆಂದೇ ತಿಳಿಯಿರಿ.

ಕತ್ತರಿ, ಫೋರ್ಸೆಪ್ಸ್ ಗ್ಲುಟರಾಲ್ಡಿಹೈಡ್‌ನಲ್ಲಿ ಅರ್ಧ ಗಂಟೆ ನೆನೆಸಿದ್ರೆ ಸಾಕಲ್ವಾ?

ಶೇ 2ರ ದ್ರಾವಣದಲ್ಲಿ 20 ನಿಮಿಷ ಎಂದರೆ ಹೆಚ್ಚಿನ ಮಟ್ಟದ ಸೋಂಕು ನಿವಾರಣೆ. ಎಂಡೋಸ್ಕೋಪ್‌ಗೆ ಸಾಕು, ಗಾಯದೊಳಗೆ ಹೋಗುವ ಉಪಕರಣಕ್ಕೆ ಸಾಲದು. ಬೀಜಾಣು ಸಾಯಲು 10 ಗಂಟೆ ಬೇಕು. ಕತ್ತರಿಗೆ ಆಟೋಕ್ಲೇವ್ ಇರುವಾಗ ಈ ಕಷ್ಟ ಬೇಡ. ಯಾವುದೇ ಆಗಲಿ ಮೊದಲು ಕೀಲು ತೆರೆದು ಬ್ರಷ್‌ನಲ್ಲಿ ತೊಳೆದು ಒಣಗಿಸಿರಬೇಕು. ಒಣಗಿದ ರಕ್ತದ ಕೆಳಗಿನ ಬ್ಯಾಕ್ಟೀರಿಯಾಕ್ಕೆ ದ್ರಾವಣ ತಾಗುವುದೇ ಇಲ್ಲ. ಆಕ್ಟಿವೇಟ್ ಮಾಡಿದ ದ್ರಾವಣಕ್ಕೆ ಸಾಮಾನ್ಯವಾಗಿ 14 ದಿನ ಆಯಸ್ಸು, ಅದಕ್ಕೆ ಮೊದಲೇ ಸ್ಟ್ರಿಪ್ ಫೇಲ್ ಆದರೆ ಅಂದೇ ಬಿಸಾಡಿ.

ಶನಿವಾರ ಶನಿವಾರ ಒಟಿಗೆ ಫಾರ್ಮಲಿನ್ ಹೊಗೆ ಹಾಕ್ತೀವಿ. ಮುಂದುವರಿಸ್ಬೇಕಾ?

ಬೇಡ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ, ಮತ್ತು ಕೊಳೆ ಇರುವ ಮೇಜಿನ ಮೇಲೆ ಹೊಗೆ ಕೂತರೆ ಕೊಳೆ ಹೋಗುವುದಿಲ್ಲ. ಕೆಲಸ ಮಾಡುವುದು ಪ್ರತಿ ಕೇಸಿನ ನಂತರ ಮೇಜು, ಲೈಟು, ಟ್ರಾಲಿ ಒರೆಸುವುದು, ದಿನದ ಕೊನೆಗೆ ಪೂರ್ತಿ ತೊಳೆಯುವುದು, ಬಾಗಿಲು ಮುಚ್ಚಿಡುವುದು, ಒಳಗೆ ಓಡಾಡುವ ಜನರನ್ನು ಕಡಿಮೆ ಮಾಡುವುದು.

ಒಟಿ ಸೋಂಕಿನ ನಿಜವಾದ ಕಾರಣಗಳು ಹೆಚ್ಚಾಗಿ ಬೇರೆಡೆ ಇರುತ್ತವೆ. ಹಿಂದಿನ ರಾತ್ರಿ ಬ್ಲೇಡಿನಲ್ಲಿ ಕೂದಲು ಬೋಳಿಸಿದರೆ ಚರ್ಮದ ಸಣ್ಣ ಗಾಯಗಳಲ್ಲಿ ಬೆಳಗಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಕೂದಲು ಅಡ್ಡ ಬಂದರೆ ಮಾತ್ರ ಕ್ಲಿಪ್ಪರ್‌ನಲ್ಲಿ ಕತ್ತರಿಸಿ. ಆಂಟಿಬಯೋಟಿಕ್ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ. ಆಪರೇಷನ್ ಮುಗಿದ ಮೇಲೆ ಐದು ದಿನ ಕೊಟ್ಟರೆ ಗಾಯಕ್ಕೆ ಲಾಭವಿಲ್ಲ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಕ್ಕೆ ಲಾಭ. ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಹಚ್ಚಿದರೆ ತಾನಾಗಿ ಒಣಗಲು ಬಿಡಿ. ಒದ್ದೆ ಇರುವಾಗ ಕಾಟರಿ (ರಕ್ತನಾಳ ಸುಟ್ಟು ಮುಚ್ಚುವ ವಿದ್ಯುತ್ ಉಪಕರಣ) ತಾಗಿಸಿದರೆ ಬೆಂಕಿ ಹತ್ತುತ್ತದೆ.

ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇದೆ. ಡಯಾಲಿಸಿಸ್‌ಗೆ ಮನೆ ಆರ್‌ಒ ತರದ್ದು ಸಾಕಾ?

ಸಾಲದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಡಯಾಲಿಸಿಸ್ ನೀರಿನಲ್ಲಿ 0.2 ಮೀರಬಾರದು, ಏಕೆಂದರೆ ಒಂದು ಸಲಕ್ಕೆ ನೂರು ಲೀಟರಿಗೂ ಹೆಚ್ಚು ನೀರು ರೋಗಿಯ ರಕ್ತಕ್ಕೆ ಪೊರೆಯಷ್ಟೇ ಅಡ್ಡವಾಗಿ ಹಾದುಹೋಗುತ್ತದೆ. ಬ್ಯಾಕ್ಟೀರಿಯಾ ಮಿಲಿಗೆ 100ಕ್ಕಿಂತ ಕಡಿಮೆ, ಎಂಡೋಟಾಕ್ಸಿನ್ (ಸತ್ತ ಬ್ಯಾಕ್ಟೀರಿಯಾದಿಂದ ಬರುವ ವಿಷ) ಮಿಲಿಗೆ 0.25 ಯೂನಿಟ್‌ಗಿಂತ ಕಡಿಮೆ. ಮಾದರಿಯನ್ನು ಆರ್‌ಒ ಬಾಯಿಂದಲ್ಲ, ಪೈಪಿನ ಕೊನೆಯ ಯಂತ್ರದ ಹತ್ತಿರ ತೆಗೆಯಿರಿ. ನೀರು ನಿಲ್ಲುವ ಪೈಪಿನ ಒಳಗೋಡೆಯಲ್ಲೇ ಲೋಳೆ ಕಟ್ಟುವುದು. ಡಯಾಲಿಸಿಸ್ ನಡುವೆ ರೋಗಿಗೆ ಚಳಿ ನಡುಕ ಬಂದರೆ, ಅದೂ ಒಂದೇ ಶಿಫ್ಟಿನಲ್ಲಿ ಇಬ್ಬರಿಗೆ ಬಂದರೆ, ಮೊದಲ ಅನುಮಾನ ನೀರಿನ ಮೇಲೆ.

ಹೆಪಟೈಟಿಸ್ ಬಿ ಇರುವವರಿಗೆ ಪ್ರತ್ಯೇಕ ಯಂತ್ರ, ಪ್ರತ್ಯೇಕ ಸಿಬ್ಬಂದಿ. ಉಳಿದವರಿಗೆಲ್ಲ ಇಮ್ಮಡಿ ಡೋಸಿನ ಲಸಿಕೆ.

ಒಂದೇ ವಾರದಲ್ಲಿ ಮೂವರಿಗೆ ಒಂದೇ ಬ್ಯಾಕ್ಟೀರಿಯಾ ಬಂದಿದೆ. ಎಲ್ಲಿಂದ ಹುಡುಕೋದು?

ವಾರ್ಡ್ ಮುಚ್ಚಿ ಸುಣ್ಣ ಬಳಿಸುವ ಮುಂಚೆ ಕಾಗದ, ಪೆನ್ನು ತೆಗೆಯಿರಿ. ಮೂವರ ಹೆಸರಿನ ಮುಂದೆ ದಾಖಲಾದ ದಿನ, ಮಂಚ, ಆಪರೇಷನ್ ಟೇಬಲ್, ಪೈಪು ಹಾಕಿದ ದಿನ, ಕೊಟ್ಟ ದ್ರವಗಳ ಬ್ಯಾಚ್, ಡ್ರೆಸ್ಸಿಂಗ್ ಮಾಡಿದ ಶಿಫ್ಟ್ ಬರೆಯಿರಿ. ಮೂರರಲ್ಲೂ ಒಂದೇ ಇರುವ ಕಾಲಮ್ ಕಂಡರೆ ಅಲ್ಲಿಂದ ಶುರು. ಲ್ಯಾಬಿನವರಿಗೆ ಮೂರೂ ಮಾದರಿ ಬಿಸಾಡದಂತೆ ಹೇಳಿ, ಯಾವ ಔಷಧಿಗೆ ಬಗ್ಗುತ್ತದೆ ಎಂಬ ಪಟ್ಟಿ ಹೋಲಿಸಿ. ಅಸಿನೆಟೊಬ್ಯಾಕ್ಟರ್ ಆದರೆ ಸಕ್ಷನ್ ಜಾರ್, ಮಂಚ, ಮಾನಿಟರ್ ವೈರ್ ನೋಡಿ. ಸ್ಯೂಡೊಮೊನಾಸ್ ಆದರೆ ನೀರು: ಸಿಂಕು, ಆಕ್ಸಿಜನ್‌ಗೆ ತೇವ ಕೊಡುವ ಹ್ಯುಮಿಡಿಫೈಯರ್ ಬಾಟಲಿ, ದುರ್ಬಲಗೊಂಡ ಡಿಸ್‌ಇನ್ಫೆಕ್ಟೆಂಟ್ ಕ್ಯಾನ್. ಆಕ್ಸಿಜನ್ ಹ್ಯುಮಿಡಿಫೈಯರಿಗೆ ನಲ್ಲಿ ನೀರು ಹಾಕಿ ದಿನಗಟ್ಟಲೆ ಮೇಲೇ ಮೇಲೇ ತುಂಬಿಸುವುದು ಸಾಮಾನ್ಯ; ಸ್ಟೆರೈಲ್ ನೀರು ಹಾಕಿ, ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ, ಬಾಟಲಿ ತೊಳೆದು ಒಣಗಿಸಿ. ಸ್ಟ್ಯಾಫಿಲೊಕಾಕಸ್ ಆದರೆ ಜನರ ಕೈ, ಮೂಗು.

ಹುಡುಕುವಷ್ಟು ಹೊತ್ತು ಕಾಯದೆ ಆ ದಿನವೇ ಮಾಡಬೇಕಾದ್ದು: ಮೂವರನ್ನೂ ಒಂದು ಮೂಲೆಗೆ ಸೇರಿಸಿ, ಅವರಿಗೇ ಅಂತ ಒಬ್ಬ ನರ್ಸ್, ಬಿಪಿ ಪಟ್ಟಿ, ಸ್ಟೆತಾಸ್ಕೋಪ್, ಥರ್ಮಾಮೀಟರ್ ಬೇರೆ ಇಡಿ. ಮಂಚದ ಮೇಲೆ ಗುರುತು ಹಾಕಿ. ಬೇರೆ ಆಸ್ಪತ್ರೆಗೆ ಕಳಿಸುವುದಾದರೆ ರೆಫರಲ್ ಚೀಟಿಯಲ್ಲಿ ಯಾವ ಬ್ಯಾಕ್ಟೀರಿಯಾ ಎಂದು ಬರೆದು ಕಳಿಸಿ, ಫೋನಿನಲ್ಲೂ ಹೇಳಿ.